ಕೆಳಬೀದಿಯ ನಾಲ್ಕು ಸುತ್ತು

೧೯೫೬ನೇ ಇಸವಿ ಮಾರ್ಚ್ ಹನ್ನೆರಡು, ಸೋಮವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಲಿಂಗಮ್ಮ ಅರ್ಧ ತುಂಬಿದ ಬಿಂದಿಗೆಯನ್ನು ಅಡಿಗೆಮನೆಯ ಕಟ್ಟೆಯ ಮೇಲೆ ಕುಕ್ಕಿದ ಸದ್ದಿಗೆ, ಜಗಲಿಯಲ್ಲಿ ಕೂತು ಬೆಲ್ಲದ ಕಾಫಿ ಕುಡಿಯುತ್ತಿದ್ದ ಸಣ್ಣಸ್ವಾಮಿಯ ಕೈಯಲ್ಲಿನ ಲೋಟ ಅಲುಗಿತು.

"ಇನ್ನು ನಾನು ಆ ನಲ್ಲಿ ಹತ್ರ ಹೋಗಕಿಲ್ಲ," ಎಂದಳು ಒಳಗಿನಿಂದ.

"ಏನಾಯ್ತು ಈಗ?"

"ಆಗೋದೇನು! ಆ ಕಾಳಮ್ಮ ಹತ್ತು ಜನದ ಮುಂದೆ ಕೇಳ್ತಾಳೆ: 'ಲಿಂಗಕ್ಕ, ಊರ ನೀರಿನ ಬೀಗದಕೈ ನಿನ್ನ ಗಂಡನ ತಲೆದಿಂಬಿನ ಕೆಳಗೆ ಇರ್ತದೆ. ನೀನ್ಯಾಕೆ ಬರಿ ಬಿಂದಿಗೆ ಹಿಡ್ಕಂಡು ನಾಟಕ ಆಡ್ತೀಯ?' ಎಲ್ಲಾ ನಕ್ಕರು. ನಂಗೆ ಮಖ ಎಲ್ಲಿ ಇಟ್ಕಬೇಕೋ ಗೊತ್ತಾಗಲಿಲ್ಲ."

ಸಣ್ಣಸ್ವಾಮಿ ಹೊಳೆಪೇಟೆಯ ನೀರುಗಂಟಿ. ಹಾರಂಗಿ ಹೊಳೆಯಿಂದ ಎರಡು ಮೈಲಿ ಈಚೆಗಿನ ಆ ಸಣ್ಣ ಪೇಟೆಗೆ ನೀರು ಬರುತ್ತಿದ್ದುದು ಗುಡ್ಡದ ಮೇಲಿನ ಕಲ್ಲಿನ ತೊಟ್ಟಿಯಿಂದ. ರಾತ್ರಿಯೆಲ್ಲ ಒರತೆಯ ನೀರು ಅದಕ್ಕೆ ತುಂಬುತ್ತಿತ್ತು. ಗುಡ್ಡದ ಬುಡದಲ್ಲಿ ಕೊಳವೆಗೆ ನೀರು ಬಿಡುವ ಎರಡು ವಾಲುಗಳು. ಒಂದು ಮೇಲ್ಬೀದಿಗೆ, ಅಂದರೆ ಬಂಗಲೆಗಳಿಗೆ, ಕಚೇರಿಗೆ, ಪ್ಲಾಂಟರುಗಳ ಕ್ಲಬ್ಬಿಗೆ. ಇನ್ನೊಂದು ಕೆಳಬೀದಿಗೆ, ಅಂದರೆ ಉಳಿದವರಿಗೆಲ್ಲ. ಬೆಳಿಗ್ಗೆ ಐದೂವರೆಗೆ ಎರಡನ್ನೂ ತೆರೆಯಬೇಕು, ಏಳಕ್ಕೆ ಮುಚ್ಚಬೇಕು. ಇಷ್ಟೇ ಕೆಲಸ. ಹದಿಮೂರು ವರ್ಷಗಳಲ್ಲಿ ಒಂದು ದಿನವೂ ಅವನು ಐದು ನಿಮಿಷ ಹಿಂದುಮುಂದಾಗಿರಲಿಲ್ಲ. ಆದರೂ ಇವತ್ತಿನವರೆಗೆ ಅವನ ಹೆಸರು ದಿನಗೂಲಿಯ ಪಟ್ಟಿಯಲ್ಲೇ ಇತ್ತು.

ಈಗ ಕೊಡಗು ರಾಜ್ಯವೇ ಮೈಸೂರಿಗೆ ಸೇರುವ ಕಾಲ ಬಂದಿತ್ತು. ಮಳೆಗಾಲ ಕಳೆದ ಮೇಲೆ ವಿಲೀನ ಎಂದು ಪೇಟೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಪೇಟೆ ಕಮಿಟಿಯ ಹೆಡ್ ಗುಮಾಸ್ತ ಮೊಣ್ಣಪ್ಪ, ಹೊಸ ಸರ್ಕಾರಕ್ಕೆ ಕಾಯಂ ನೌಕರರೆಂದು ಒಪ್ಪಿಸಬೇಕಾದವರ ಪಟ್ಟಿ ಬರೆಯುತ್ತಿದ್ದ. ಹನ್ನೊಂದನೆಯ ಹೆಸರು ಸಣ್ಣಸ್ವಾಮಿಯದು. "ಏಪ್ರಿಲ್ ಮುಗಿಯೋತನಕ ನಿನ್ನ ಮೇಲೆ ಒಂದು ದೂರೂ ಬರಬಾರ್ದು ನೋಡು ಮಾರಾಯ," ಎಂದು ಮೊಣ್ಣಪ್ಪ ಎಚ್ಚರಿಸಿದ್ದ. ಆಮೇಲಿಂದ ಸಣ್ಣಸ್ವಾಮಿ ಉಸಿರನ್ನೂ ಅಳೆದು ಬಿಡುತ್ತಿದ್ದ.

ಮುಂದಿನ ಭಾನುವಾರ ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು. ಮಗ ಕೃಷ್ಣಪ್ಪ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಏಜೆಂಟ. ಕೆಳಬೀದಿಯ ಎಂಬತ್ತಮೂರು ಜನರ ರುಜು ಹಾಕಿಸಿ ಅವನು ಕಳಿಸಿದ್ದ ನೀರಿನ ಅರ್ಜಿಗೆ ಉತ್ತರ ಬಂದಿತ್ತು. ಕೈ ತೊಳೆಯುವ ಮೊದಲೇ ಅದನ್ನು ಗಟ್ಟಿಯಾಗಿ ಓದಿದ.

"'ಸದರಿ ನೀರಿನ ವಿಷಯವನ್ನು ರಾಜ್ಯ ಪುನರ್ವಿಂಗಡಣೆಯ ತರುವಾಯ ಪರಿಶೀಲಿಸಲಾಗುವುದು.' ಕೇಳಿದ್ರಾ? ಡೆಲ್ಲೀಲಿ ನಕ್ಷೆ ಬಿಡಿಸ್ತಾ ಕೂತವ್ರೆ. ಇಲ್ಲಿ ಬಿಂದಿಗೆ ಒಣಗ್ತಾ ಅದೆ."

"ಕೈ ತೊಳ್ಕೋ ಮೊದಲು. ಒಂದೇ ಚೊಂಬು," ಎಂದಳು ಅವನ ಹೆಂಡತಿ ಚಲುವಮ್ಮ.

"ಅಲ್ಲ ಕಣೋ, ಮೈಸೂರಿಗೆ ಸೇರಿದ್ರೆ ಎಲ್ಲ ಸರಿಹೋಯ್ತದೆ ಅಂತ ಕುಣೀತಿದ್ದವನು ನೀನೇ," ಎಂದ ಸಣ್ಣಸ್ವಾಮಿ.

"ಈಗ್ಲೂ ಅದೇ ಅಂತೀನಿ. ಈ ಸಣ್ಣ ರಾಜ್ಯ ಇಟ್ಕಂಡು ಏನ್ ಬಂತು? ಮಡಿಕೇರಿ ಕೇಳಿದ್ರೆ ಡೆಲ್ಲಿ ತೋರಿಸ್ತಾರೆ, ಡೆಲ್ಲಿ ಕೇಳಿದ್ರೆ ಆಯೋಗ ತೋರಿಸ್ತಾರೆ. ಓಟು ಕೇಳೋಕೆ ಬಂದಾಗ ನಲ್ಲಿ ಕಟ್ಟೆ ಮೇಲೇ ನಿಂತು ಭಾಷಣ ಮಾಡಿದ್ರಲ್ಲ, ಆಗ ನಲ್ಲಿ ಕಾಣಲಿಲ್ವಾ?"

"ಮೈಸೂರು ಸೀಮೆಯ ಊರು ಬಿಟ್ಟು ಈ ಕೊಡಗು ನಂಬ್ಕಂಡು ಬಂದೋರು ನಾವು. ಅನ್ನ ಕೊಟ್ಟ ನಾಡನ್ನ ಸಣ್ಣದು ಅನ್ನಬೇಡ."

"ಅನ್ನ ಕೊಡ್ತು ಅಪ್ಪ. ನೀರು ಕೊಡಲಿಲ್ಲ."

ಲಿಂಗಮ್ಮ ಮುದ್ದೆ ಮುರಿಯುತ್ತ, "ತೊಟ್ಟಿಲೇ ನೀರಿಲ್ಲ ಅಂದ್ರೆ ಯಾವ ರಾಜ ಬಂದು ಕೊಟ್ಟಾನು?" ಎಂದು ಗಂಡನ ಕಡೆ ನೋಡಿದಳು. ಅದು ಅವನು ಹೇಳಿಕೊಟ್ಟ ಮಾತೇ. ಪೇಟೆಯಲ್ಲಿ ಎಲ್ಲರೂ ಹೇಳುತ್ತಿದ್ದ ಮಾತೂ ಅದೇ. ತೊಟ್ಟಿಗೆ ಕಬ್ಬಿಣದ ಮುಚ್ಚಳ, ಅದಕ್ಕೊಂದು ಬೀಗ, ಬೀಗದಕೈ ಓವರ್‌ಸೀಯರನ ಬಳಿ. ಒಳಗೆ ಎಷ್ಟಿದೆಯೋ ಕಂಡವರಿಲ್ಲ.

ಮಾರ್ಚ್ ಇಪ್ಪತ್ತಮೂರರ ಬೆಳಗಿನ ಜಾವ ಸಣ್ಣಸ್ವಾಮಿಗೆ ಚಳಿಜ್ವರ ಬಂತು. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುತ್ತಿತ್ತು. ಕೃಷ್ಣಪ್ಪ ಮೊದಲ ಬಸ್ಸಿಗೆಂದು ಐದಕ್ಕೇ ಹೊರಟುಹೋಗಿದ್ದ.

"ಒಂದಿನ ತಡವಾದ್ರೆ ಮುಳುಗಿಹೋಯ್ತದಾ?" ಎಂದಳು ಲಿಂಗಮ್ಮ.

"ಒಂದೇ ದೂರು ಸಾಕು ಕಣೇ, ಪಟ್ಟಿಯಿಂದ ಹೊಡೆದುಹಾಕೋಕೆ," ಎನ್ನುತ್ತ ಅವನು ಎದ್ದು ಗೋಡೆ ಹಿಡಿದು ನಿಂತ.

"ನಾನು ಬರ್ತೀನಿ ಮಾವ. ನೀವು ಹೇಳಿ, ನಾನು ತಿರುಗಿಸ್ತೀನಿ," ಎಂದು ಚಲುವಮ್ಮ ಮೂಲೆಯಲ್ಲಿದ್ದ ವಾಲು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲಿಗೆ ಏರಿಸಿಕೊಂಡಳು.

ಪಿರಿಯಾಪಟ್ಟಣದ ಕಡೆಯ ಹುಡುಗಿ, ಎಂಟನೇ ಕ್ಲಾಸಿನವರೆಗೆ ಓದಿದವಳು. ಕೈ ಕೆಲಸ ಮಾಡುವಾಗ ತುಟಿಯಲ್ಲಿ ಎಣಿಸುವುದು ಅವಳ ಅಭ್ಯಾಸ. ರೊಟ್ಟಿ ತಟ್ಟಿದರೂ ಎಣಿಕೆ, ಬಟ್ಟೆ ಒಗೆದರೂ ಎಣಿಕೆ. ಗುಡ್ಡದ ಬುಡದಲ್ಲಿ ವಾಲುಗಳ ಗುಂಡಿಯ ಹಲಗೆ ಸರಿಸಿ ಮೇಲ್ಬೀದಿಯ ವಾಲಿಗೆ ಕೀಲಿ ಕೂರಿಸಿದಳು.

"ಅದನ್ನ ನಿಲ್ಲೋವರೆಗೂ ತಿರುಗಿಸು," ಎಂದ ಸಣ್ಣಸ್ವಾಮಿ, ಕಂಬಳಿಯೊಳಗಿಂದ.

ಹದಿಮೂರು ಸುತ್ತಿಗೆ ನಿಂತಿತು. ಕೊಳವೆಯೊಳಗೆ ನೀರು ಭೋರೆಂದಿತು.

"ಈಗ ಕೆಳಬೀದಿದು. ನಾಕು ಸುತ್ತು."

ಒಂದು, ಎರಡು, ಮೂರು, ನಾಲ್ಕು. ಅವಳ ಕೈ ಅಲ್ಲೇ ನಿಂತಿತು, ಆದರೆ ಕೀಲಿ ನಿಂತಿರಲಿಲ್ಲ. "ಮಾವ, ಇದಿನ್ನೂ ತಿರುಗ್ತದೆ."

"ತಿರುಗಿಸಬೇಡ!"

"ಯಾಕೆ?"

"ಕೆಳಬೀದಿಗೆ ನಾಕೇ ಸುತ್ತು. ಯಾವಾಗಲೂ ನಾಕೇ."

ಚಲುವಮ್ಮ ಕೀಲಿ ತೆಗೆದಳು. ಮನೆಗೆ ಬಂದು ಗಂಜಿ ಬಿಸಿಮಾಡಿ ಅವನ ಮುಂದಿಟ್ಟ ಮೇಲೆ ಅವಳು ಮೆಲ್ಲಗೆ ಕೇಳಿದಳು.

"ಮೇಲಿಂದು ಹದಿಮೂರು ಸುತ್ತು. ಕೆಳಗಿಂದು ನಾಕು ಅಂತ ಹೇಳ್ದೋರು ಯಾರು ಮಾವ?"

"ಪೂವಯ್ಯ ಮೇಸ್ತ್ರಿ. ನಂಗಿಂತ ಮೊದಲು ಈ ಕೆಲಸ ಮಾಡ್ತಿದ್ದೋರು. ನಲವತ್ಮೂರರಲ್ಲಿ ಕೀಲಿ ಕೈಗೆ ಕೊಡೋವಾಗ ಹೇಳಿದ್ರು. ಮೇಲಕ್ಕೆ ಪೂರ್ತಿ, ಕೆಳಕ್ಕೆ ನಾಕು. ನಾನು ಮೂರೂ ಮಾಡಲಿಲ್ಲ, ಐದೂ ಮಾಡಲಿಲ್ಲ."

ಅವನ ದನಿಯಲ್ಲಿ ಹೆಮ್ಮೆ ಇತ್ತು. ಒಲೆಯ ಮುಂದಿದ್ದ ಲಿಂಗಮ್ಮ ಸೌಟು ಕೆಳಗಿಟ್ಟಳು.

"ಅಂದ್ರೆ, ಹದಿಮೂರು ಸುತ್ತು ತಿರುಗೋದನ್ನ ಹದಿಮೂರು ವರ್ಷದಿಂದ ನಾಕೇ ಸುತ್ತು ತಿರುಗಿಸ್ತಾ ಇದ್ದೀರ?"

"ಹುಕುಂ ಹಂಗಿದೆ."

"ಹುಕುಂ! ನನ್ನ ಸೊಂಟ ಮುರಿದಿದ್ದು ಡೆಲ್ಲಿಯೋರಿಂದ ಅಂದ್ಕಂಡಿದ್ದೆ. ಮನೇಲೇ ಕೂತವ್ರಲ್ಲ ಡೆಲ್ಲಿಯೋರು!"

ಸಂಜೆ ಕೃಷ್ಣಪ್ಪನಿಗೆ ವಿಷಯ ತಿಳಿದಾಗ ಅವನು ಮೊದಲು ನಕ್ಕ, ಆಮೇಲೆ ಬಿಳಿಚಿಕೊಂಡ. "ಎಂಬತ್ಮೂರು ರುಜು ಹಾಕಿಸ್ದೆನಲ್ಲ ಅಪ್ಪ. ಎಂಬತ್ಮೂರು ಮನೆ ಮೆಟ್ಟಿಲು ಹತ್ತಿದ್ನಲ್ಲ. ಬರೋ ತಿಂಗಳು ಬೀದಿ ಸಭೆ ಇದೆ. ಅಲ್ಲಿ ಇದನ್ನ ಹೇಳಲೇಬೇಕು."

"ಹೇಳು. ನಿಮ್ಮಪ್ಪನ ಹೆಸರು ಪಟ್ಟಿಯಿಂದ ಹೋಗ್ತದೆ, ಅದನ್ನೂ ಅಲ್ಲೇ ಹೇಳ್ಬಿಡು," ಎಂದಳು ಚಲುವಮ್ಮ.

"ಮತ್ತೆ ಸುಮ್ನೆ ಇರೋದಾ?"

"ಕೂಗೋದಕ್ಕಿಂತ ಮೊದಲು ಕೇಳೋದು ಅಂತ ಒಂದಿದೆ. ಮಾವ ಕಚೇರೀಲಿ ಕೇಳ್ಲಿ."

ಜ್ವರ ಇಳಿದ ಸೋಮವಾರ ಸಣ್ಣಸ್ವಾಮಿ ಕಮಿಟಿ ಕಚೇರಿಗೆ ಹೋದ. ಮೊಣ್ಣಪ್ಪ ಕಡತಗಳ ಕಟ್ಟುಗಳ ನಡುವೆ ಕೂತು ದಾರ ಬಿಗಿಯುತ್ತಿದ್ದ. ಮೇಜು ಕಾಣುತ್ತಿರಲಿಲ್ಲ.

"ಕೆಳಬೀದಿ ವಾಲಿಗೆ ನಾಕು ಸುತ್ತು ಅಂತ ಹುಕುಂ ಇದೆಯಲ್ಲ ಸ್ವಾಮಿ, ಅದರ ಕಾಗದ ಒಂಚೂರು ನೋಡಬಹುದಾ?"

"ಎಂತ ನಾಲ್ಕು ಸುತ್ತು? ನಂಗೆ ಗೊತ್ತಿಲ್ಲ ಮಾರಾಯ. ಇದ್ರೆ ಈ ಕಟ್ಟಲ್ಲಿರಬೇಕು, ಇಲ್ಲ ಆ ಕಟ್ಟಲ್ಲಿ. ಎಲ್ಲಾ ಮೈಸೂರಿಗೆ ಹೋಗೂದು. ಬಿಚ್ಚೂದಕ್ಕೆ ನಂಗೆ ಅಧಿಕಾರ ಇಲ್ಲ."

"ಹಂಗಾದ್ರೆ ಹೊಸ ಹುಕುಂ ಕೊಡ್ತೀರಾ? ಪೂರ್ತಿ ತೆರಿ ಅಂತ?"

"ಹಳೇದು ಇದೆಯೋ ಇಲ್ವೋ ಗೊತ್ತಿಲ್ಲದೆ ಹೊಸದು ಹೇಗೆ ಕೊಡೂದು? ಈಗ ಯಾರೂ ಎಂತದ್ದೂ ಹೊಸದು ಮಾಡೂದು ಬೇಡ ಅಂತ ಮಡಿಕೇರಿಯಿಂದ ಬಂದುಂಟು. ನಿನ್ನ ಹೆಸರು ಪಟ್ಟೀಲಿದೆ. ಬೆಚ್ಚಗೆ ಇರು." ಎದ್ದು ಹೋಗುತ್ತಿದ್ದವನನ್ನು ಮತ್ತೆ ಕರೆದು ಒಂದು ಬೀಗದಕೈ ಗೊಂಚಲು ಕೊಟ್ಟ. "ಓವರ್‌ಸೀಯರಿಗೆ ವರ್ಗ ಆಯ್ತು, ಬದಲಿಗೆ ಯಾರೂ ಬರೂದಿಲ್ಲ ಈಗ. ತೊಟ್ಟೀದು ನಿನ್ನ ಹತ್ರ ಇರಲಿ. ಕಳೆಯಬೇಡ."

ಸಣ್ಣಸ್ವಾಮಿ ಗೊಂಚಲನ್ನು ಪಂಚೆಯ ತುದಿಗೆ ಕಟ್ಟಿಕೊಂಡ. ತೊಟ್ಟಿ ತೆಗೆದು ನೋಡಬೇಕೆಂದು ಅವನಿಗೆ ಹೊಳೆಯಲಿಲ್ಲ. ತೊಟ್ಟಿ ಓವರ್‌ಸೀಯರನದು, ವಾಲು ಅವನದು. ಹದಿಮೂರು ವರ್ಷದ ಗೆರೆ ಅದು.

ಏಪ್ರಿಲ್ ಒಂದು, ಭಾನುವಾರ, ಮಗನ ಜೊತೆ ಬಸ್ಸಿನಲ್ಲಿ ಮಾದಾಪುರಕ್ಕೆ ಹೋದ. ಪೂವಯ್ಯ ಅಲ್ಲಿ ಮಗಳ ಮನೆಯಲ್ಲಿದ್ದ. ಎಪ್ಪತ್ತು ದಾಟಿದ್ದರೂ ಕಾಫಿ ಕಣದ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕಾಗೆ ಓಡಿಸುತ್ತಿದ್ದ.

"ಓ, ಸಣ್ಣಸ್ವಾಮಿಯಾ! ಬಾ, ಕುದ್ಕ," ಎಂದು ಪಕ್ಕದಲ್ಲಿ ಕೂರಲು ಕೈ ತೋರಿಸಿದ. "ಇನ್ನೂ ನೀರು ಬಿಡ್ತಾ ಇದ್ದಿಯಾ?"

"ಬಿಡ್ತಾ ಇದ್ದೀನಿ ಮೇಸ್ತ್ರೀ. ನೀವು ಹೇಳಿದ ಹಂಗೇ. ಮೇಲಕ್ಕೆ ಪೂರ್ತಿ, ಕೆಳಕ್ಕೆ ನಾಕು."

ಮುದುಕ ಹುಬ್ಬು ಗಂಟಿಕ್ಕಿದ. "ನಾಕಾ? ಎಂತಕೆ ನಾಕು?"

"ನೀವೇ ಹೇಳಿದ್ದು. ನಲವತ್ಮೂರರಲ್ಲಿ."

ಪೂವಯ್ಯ ಒಂದು ಗಳಿಗೆ ಯೋಚಿಸಿ ತೊಡೆ ತಟ್ಟಿಕೊಂಡ. "ಹೌದು ಹೌದು, ನೆಂಪುಟ್ಟು! ಆ ವರ್ಷ ಮೇಲೆ ಮಿಲಿಟರಿ ಕ್ಯಾಂಪ್ ಇತ್ತಲ್ಲ. ಇನ್ನೂರು ಜನ ಸೋಲ್ಜರ್‌ಗ. ಅವಕೆ ನೀರು ಸಾಲ್ತಿರ್ಲೆ. ಅದಕ್ಕೆ ಕೆಳಗೆ ನಾಕು ಅಂದೆ. ಆ ಒಂದು ಬೇಸಿಗೆಗೆ ಮಾರಾಯ! ಕ್ಯಾಂಪ್ ಎದ್ದುಹೋಗಿ ಎಷ್ಟು ವರ್ಷ ಆತ್?"

"ಹನ್ನೆರಡು."

"ಮತ್ತೆ ನೀ?"

"ನೀವು ನಿಲ್ಸು ಅಂತ ಹೇಳಲಿಲ್ಲ."

ಪೂವಯ್ಯ ನಗಲು ಬಾಯಿ ತೆರೆದವನು ಎದುರಿನವನ ಮುಖ ನೋಡಿ ಮುಚ್ಚಿಕೊಂಡ. ಮಗಳನ್ನು ಕೂಗಿ, "ಕಾಫಿ ತಾ, ದೂರಂದ ಬಂದುಟು," ಎಂದ. ಆಮೇಲೆ ಮೆತ್ತಗೆ, "ಬಾಯಲ್ಲಿ ಹೇಳ್ದ್ ಅದು. ಕಾಗದ ಗೀಗದ ಎಂತದೂ ಇಲ್ಲೆ," ಎಂದ.

ಬಸ್ಸಿನಲ್ಲಿ ವಾಪಸು ಬರುವಾಗ ಸಣ್ಣಸ್ವಾಮಿ ಕಿಟಕಿಗೆ ತಲೆಯಾನಿಸಿ ಕೂತ. ಮಾದಾಪುರದ ಬಸ್ ಸ್ಟ್ಯಾಂಡಿನಲ್ಲೇ ಉಳಿದಿದ್ದ ಮಗ ಪಕ್ಕದಲ್ಲಿ ಬಂದು ಕೂತು, "ಏನಂದ್ರು?" ಎಂದು ಕೇಳಿದ. ಅಪ್ಪ ಹೇಳಿದ. ಕೃಷ್ಣಪ್ಪ ಬಯ್ಯುವನೆಂದು ಕಾದ. ಕೃಷ್ಣಪ್ಪ ಬಯ್ಯಲಿಲ್ಲ. "ಟಿಕೆಟ್ ಬೇಡ ಬಿಡು," ಎಂದು ಕಂಡಕ್ಟರನ ಕಡೆ ಕೈಯಾಡಿಸಿದ, ಅಷ್ಟೆ.

ಗೊತ್ತಾದ ಮೇಲೂ ಸಣ್ಣಸ್ವಾಮಿಯ ಕೈ ನಾಲ್ಕಕ್ಕೇ ನಿಲ್ಲುತ್ತಿತ್ತು. ಸೋಮವಾರ ನಾಲ್ಕು. ಮಂಗಳವಾರ ನಾಲ್ಕು. "ಪಟ್ಟಿ ಮೈಸೂರಿಗೆ ಹೋಗ್ಲಿ, ಆಮೇಲೆ ನೋಡೋಣ," ಎಂದು ಮನೆಯಲ್ಲಿ ಹೇಳಿದ. ಅಂದು ಲಿಂಗಮ್ಮ ಬಿಂದಿಗೆಯನ್ನು ತಂದು ಅವನ ಚಾಪೆಯ ಪಕ್ಕ ಇಟ್ಟಳು.

"ಪಟ್ಟಿ ಹೋಗೋವರೆಗೂ ನೀರು ನೀವೇ ತನ್ನಿ."

"ಗಂಡಸರು ನಲ್ಲಿ ಹತ್ರ ನಿಲ್ತಾರೇನೇ?"

"ಯಾಕೆ? ಅದಕ್ಕೂ ಹುಕುಂ ಬೇಕಾ?"

ಚಲುವಮ್ಮ ಸೆರಗು ಬಾಯಿಗೆ ಹಿಡಿದುಕೊಂಡು ಹಿತ್ತಲಿಗೆ ಓಡಿದಳು.

ಬುಧವಾರ ವಾಲು ತೆರೆದು ಬಂದು, ತಲೆಗೆ ಟವಲು ಸುತ್ತಿ, ಅವನು ಬಿಂದಿಗೆ ಹಿಡಿದು ಕೆಳಬೀದಿಯ ಸಾಲಿನಲ್ಲಿ ನಿಂತ. ಹದಿಮೂರು ವರ್ಷದಲ್ಲಿ ಮೊದಲ ಸಲ ಅವನು ತಾನು ಬಿಟ್ಟ ನೀರನ್ನು ನಲ್ಲಿಯ ಬಾಯಲ್ಲಿ ಕಂಡ. ಕಿರುಬೆರಳಿಗಿಂತ ಸಣ್ಣ ಧಾರೆ. ಗಾಳಿ ಬೀಸಿದರೆ ಬಿಂದಿಗೆಯ ಬಾಯಿ ತಪ್ಪುತ್ತಿತ್ತು. ಹೆಂಗಸರು ಅದನ್ನು ಬಲ್ಲವರಂತೆ ಸೆರಗು ಅಡ್ಡ ಹಿಡಿಯುತ್ತಿದ್ದರು.

"ಅಯ್ಯೋ, ಅಣ್ಣನೇ ಬಂದವ್ನೆ! ಲಿಂಗಕ್ಕಂಗೆ ಬಾಣಂತನವಾ?" ಎಂದಳು ಕಾಳಮ್ಮ. ಸಾಲೆಲ್ಲ ನಕ್ಕಿತು.

ಮೂವತ್ತೊಂದು ಬಿಂದಿಗೆಗಳಿದ್ದವು. ಸಣ್ಣಸ್ವಾಮಿಯದು ಇಪ್ಪತ್ತನಾಲ್ಕನೆಯದು. ಇಪ್ಪತ್ತನೆಯದು ತುಂಬುತ್ತಿದ್ದಾಗ ಅವನು ಮಡಿಲಿನಿಂದ ಗಡಿಯಾರ ತೆಗೆದು ನೋಡಿದ. ಏಳಕ್ಕೆ ಆರು ನಿಮಿಷ. ಗುಡ್ಡದ ಬುಡಕ್ಕೆ ಹೋಗಲು ಐದು ನಿಮಿಷ ಬೇಕು. ಅವನು ಬಿಂದಿಗೆಯನ್ನು ನೋಡಿದ, ಗಡಿಯಾರವನ್ನು ನೋಡಿದ, ಮತ್ತೆ ಬಿಂದಿಗೆಯನ್ನು ನೋಡಿದ.

ಕಾಳಮ್ಮನಿಗೆ ಅರ್ಥವಾಯಿತು. ಈ ಸಲ ಅವಳು ನಗಲಿಲ್ಲ. "ಹೋಗಿ ನಿಲ್ಸಿ ಬಾ ಅಣ್ಣ. ನಿನ್ನ ಬಿಂದಿಗೆ ನಾನು ನೋಡ್ಕಂತೀನಿ. ಹೆಂಗಿದ್ರೂ ಇನ್ನು ಯಾರಿಗೂ ಸಿಗಲ್ಲ."

ಅವನು ಹೋಗಿ ನಿಲ್ಲಿಸಿದ. ನಿಲ್ಲಿಸಿ ಬಂದಾಗ ಸಾಲು ಚದುರಿತ್ತು. ಕಾಳಮ್ಮ ಮಾತ್ರ ಅವನ ಖಾಲಿ ಬಿಂದಿಗೆಯ ಪಕ್ಕ ನಿಂತಿದ್ದಳು. ತನ್ನದರಿಂದ ಎರಡು ಚೊಂಬು ಬಗ್ಗಿಸಿ ಅವನದಕ್ಕೆ ಹಾಕಿ ಹೊರಟುಹೋದಳು.

ಗುರುವಾರ, ಶುಕ್ರವಾರ, ಶನಿವಾರವೂ ಅವನೇ ಹೋದ. ಭಾನುವಾರ ನಲ್ಲಿಕಟ್ಟೆಯ ಬಳಿ ಬೀದಿ ಸಭೆ ಸೇರಿತು. ಯಾರೋ ಡೆಲ್ಲಿಯನ್ನು ಬಯ್ದರು, ಯಾರೋ ಮಡಿಕೇರಿಯನ್ನು ಬಯ್ದರು. ಮೈಸೂರಿನವರು ಬಂದರೆ ಕಾವೇರಿಯನ್ನೇ ಕೊಳವೆಯಲ್ಲಿ ತರುತ್ತಾರೆಂದು ಒಬ್ಬ, ಇರುವ ಒರತೆಯನ್ನೂ ಹೊತ್ತುಕೊಂಡು ಹೋಗುತ್ತಾರೆಂದು ಇನ್ನೊಬ್ಬ. "ಕೃಷ್ಣಪ್ಪ, ನೀನು ಮಾತಾಡಪ್ಪ," ಎಂದರು. ಕೃಷ್ಣಪ್ಪ ಎದ್ದು ನಿಂತ. ಗುಂಪಿನ ಹಿಂದೆ ಟವಲು ಸುತ್ತಿಕೊಂಡು ನಿಂತಿದ್ದ ಅಪ್ಪನನ್ನು ಕಂಡ. "ಗಂಟಲು ಸರಿಯಿಲ್ಲ," ಎಂದು ಕೂತುಬಿಟ್ಟ.

ಅಂದು ಊಟಕ್ಕೆ ಕೂತಾಗ ಸಣ್ಣಸ್ವಾಮಿ ತುತ್ತು ಎತ್ತಲಿಲ್ಲ.

"ಚಲುವಿ, ನಾಳೆ ನನ್ನ ಜೊತೆ ಬಾರವ್ವ."

"ಜ್ವರ ಬಂತಾ ಮಾವ?"

"ಇಲ್ಲ. ಎಣಿಸೋಕೆ ಒಬ್ರು ಬೇಕು. ನಾನು ಎಣಿಸಿದ್ರೆ ನಾಕಕ್ಕೇ ನಿಲ್ತದೆ."

ಲಿಂಗಮ್ಮ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಕೃಷ್ಣಪ್ಪ ಮಾತ್ರ, "ಪಟ್ಟಿ ಅಪ್ಪ?" ಎಂದ.

"ಹೋದ್ರೆ ಬಸ್ ಸ್ಟ್ಯಾಂಡಲ್ಲಿ ಮೂಟೆ ಹೊರ್ತೀನಿ. ನೀನೇ ಏಜೆಂಟನಲ್ಲ, ಜಾಗ ಕೊಡ್ಸು."

ಏಪ್ರಿಲ್ ಒಂಬತ್ತರಂದು ಐದೂವರೆಗೆ ಮೇಲ್ಬೀದಿಯ ವಾಲು ಎಂದಿನಂತೆ ಪೂರ್ತಿ ತೆರೆಯಿತು. ಕೆಳಬೀದಿಯ ವಾಲು ನಾಲ್ಕರ ಆಚೆ ಕಿರುಗುಟ್ಟಿತು. ಹದಿಮೂರು ವರ್ಷ ಮುಟ್ಟದೇ ಬಿಟ್ಟ ಭಾಗ, ತುಕ್ಕು ಹಿಡಿದಿತ್ತು. ಅವನು ಕೀಲಿಯ ಮೇಲೆ ಎದೆಯ ಭಾರ ಬಿಟ್ಟ. ಸೊಸೆ ಆ ತುದಿ ಹಿಡಿದಳು. "ಐದು," ಎಂದಳು. "ಆರು. ತಿರುಗಿಸಿ ಮಾವ, ತಿರುಗಿಸಿ. ಏಳು." ಹದಿಮೂರಕ್ಕೆ ನಿಂತಾಗ ಇಬ್ಬರ ಬೆನ್ನೂ ಬೆವತಿತ್ತು.

ಕೆಳಬೀದಿಯಲ್ಲಿ ಏನಾಯಿತೆಂದು ಅವರು ನೋಡಲಿಲ್ಲ, ಕೇಳಿಸಿಕೊಂಡರು. ಮೊದಲು ಯಾರದೋ ಕಿರುಚು, ಆಮೇಲೆ ಬಿಂದಿಗೆಗಳ ಸದ್ದು, ಆಮೇಲೆ ಕಾಳಮ್ಮನ ದೊಡ್ಡ ದನಿ: "ಏ, ನೂಕಬೇಡ್ರೇ, ಎಲ್ರಿಗೂ ಸಿಗ್ತದೆ!"

ಏಳಕ್ಕೆ ಸರಿಯಾಗಿ ಎರಡೂ ವಾಲು ಮುಚ್ಚಿದ. ಕೀಲಿ ಹೆಗಲಿಗಿಟ್ಟುಕೊಂಡು ಚಲುವಮ್ಮ ಕೇಳಿದಳು. "ಮಾವ, ಸಾಕಾಗಿರ್ತದಾ ನೀರು? ನಾಳೆ ಮೇಲಿನೋರಿಗೆ ಇಲ್ಲದೆ ಹೋದ್ರೆ?"

ಅವನ ಕೈ ಪಂಚೆಯ ತುದಿಯಲ್ಲಿ ಕಟ್ಟಿದ್ದ ತೊಟ್ಟಿಯ ಬೀಗದಕೈ ಗಂಟಿಗೆ ಹೋಯಿತು. ಗುಡ್ಡ ಹತ್ತಿದರು. ತೊಟ್ಟಿಯ ಹಿಂಬದಿಯ ಗೋಡೆಯಲ್ಲಿ ಹೆಚ್ಚಿನ ನೀರು ಹೋಗುವ ಕಿಂಡಿಯೊಂದಿತ್ತು. ಅದರ ಕೆಳಗೆ, ಸುತ್ತೆಲ್ಲ ಹುಲ್ಲು ಸುಟ್ಟ ಏಪ್ರಿಲಿನಲ್ಲಿ, ಕೆಸುವಿನ ಎಲೆ ಮೊರದಗಲ ಬೆಳೆದು ನಿಂತಿತ್ತು. ಸಣ್ಣಸ್ವಾಮಿ ಬಗ್ಗಿ ಅದರ ಬುಡದ ಮಣ್ಣು ಮುಟ್ಟಿದ, ದಿನವೂ ನೀರು ಉಕ್ಕಿ ಹರಿದ ಕೆಸರು. ಆಮೇಲೆ ಬೀಗ ತೆಗೆದು, ಅಲ್ಲೇ ಬಿದ್ದಿದ್ದ ಬಿದಿರು ಗಳ ಇಳಿಬಿಟ್ಟು, ಒದ್ದೆ ಮುಗಿದಲ್ಲಿ ಉಗುರಿನಿಂದ ಗೀರಿದ.

ಗಳವನ್ನು ಹಿಡಿದುಕೊಂಡೇ ಕಚೇರಿಗೆ ಹೋದ. ಮೊಣ್ಣಪ್ಪ ಬಾಗಿಲಲ್ಲೇ ಕಾಯುತ್ತಿದ್ದ.

"ಎಂತ ಮಾಡಿದ್ದು ನೀನು? ಬಂಗಲೆ ಆಳು ಆಗಲೇ ಬಂದು ಹೋದ. ಮಹಡಿ ನಲ್ಲೀಲಿ ನೀರು ಸಣ್ಣ ಆಯ್ತಂತೆ."

"ಸಣ್ಣ ಆಯ್ತು, ನಿಲ್ಲಲಿಲ್ಲವಲ್ಲ ಸ್ವಾಮಿ. ದೂರು ಬರಕೊಳ್ಳಿ. ಜೊತೆಗೆ ನಾನು ಹೇಳೋದನ್ನೂ ಬರಕೊಳ್ಳಿ. ಕೆಳಗೆ ರುಜು ಹಾಕ್ತೀನಿ."

"ಹುಕುಂ ಇಲ್ಲದೆ ತೆರೆದೆ ಅಂತ ಬರೆಯೂದಾ? ಪಟ್ಟಿ ಜೊತೆ ಇದೂ ಹೋಗ್ತದೆ ಮಾರಾಯ. ಮೈಸೂರಿನವರು ಓದಿದ್ರೆ ನಿನ್ನ ಇಟ್ಕೊಳ್ತಾರಾ?"

"ಬಿಟ್ರೆ ಬಿಡ್ಲಿ. ನೀವು ತೊಟ್ಟಿ ನೀರಿನ ಇಂಚು ಮಾತ್ರ ತಪ್ಪು ಬರೀಬೇಡಿ." ಗಳವನ್ನು ಮೇಜಿಗೆ ಆನಿಸಿ ನಿಲ್ಲಿಸಿದ. "ಅಳ್ಕೊಳ್ಳಿ."

ಮೊಣ್ಣಪ್ಪ ಕಡತದ ಕಟ್ಟೊಂದನ್ನು ಪಕ್ಕಕ್ಕೆ ತಳ್ಳಿ, ಡ್ರಾಯರಿನಿಂದ ಅಡಿಪಟ್ಟಿ ತೆಗೆದು, ಬುಡದಿಂದ ಗೀರಿನವರೆಗೆ ಎರಡು ಸಲ ಅಳೆದ. ಪೆನ್ನನ್ನು ಶಾಯಿಗೆ ಅದ್ದಿ ಬರೆದ: ದಿನಾಂಕ ಏಪ್ರಿಲ್ ಒಂಬತ್ತು. ಎರಡೂ ವಾಲುಗಳನ್ನು ಒಂದೂವರೆ ಗಂಟೆ ಪೂರ್ತಿ ತೆರೆದು ಮುಚ್ಚಿದ ನಂತರ ತೊಟ್ಟಿಯಲ್ಲಿ ಉಳಿದ ನೀರಿನ ಆಳ, ಮೂರು ಅಡಿ ಏಳು ಇಂಚು.